ಮಿಂಚುಳ್ಳಿಯ ಮಂಡಿ

ಹೋದ ವಾರ ಚನ್ನರಾಯಪಟ್ಟಣದಲ್ಲಿ ಹೊಳೆನರಸೀಪುರದ ಬಸ್ಸು ಹತ್ತಿ ಕೂತಿದ್ದೆ. ರಾಮನಾಥಪುರದ ಕಡೆಯ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕೂತರು. ತೊಡೆಯ ಮೇಲೆ ಒಂದು ಗೋಣಿಚೀಲ. ಚೀಲದಲ್ಲಿದ್ದದ್ದು ಮಗಳ ಮನೆಯ ತೆಂಗಿನಕಾಯಿ, ಆದರೆ ಚೀಲ ಮಾತ್ರ ಹಿಂದೆ ಹೊಗೆಸೊಪ್ಪು ತುಂಬಿದ್ದ ಚೀಲ. ಬಸ್ಸು ಊರು ದಾಟುವಷ್ಟರಲ್ಲಿ ಆ ವಾಸನೆ ಮೆಲ್ಲಗೆ ಎದ್ದಿತು. ಹದವಾಗಿ ಬೆಂದ ಎಲೆಯ ವಾಸನೆ, ಒಣಹುಲ್ಲಿಗೆ ಸ್ವಲ್ಪ ಬೆಲ್ಲ ಬೆರೆಸಿದ ಹಾಗೆ. ಬೇರೆಯವರಿಗೆ ಅದರಿಂದ ಬೀಡಿ, ಸಿಗರೇಟು ನೆನಪಾಗುತ್ತದೋ ಏನೋ. ನನಗೆ ಫುಟ್‌ಬಾಲ್ ನೆನಪಾಗುತ್ತದೆ. ನಮ್ಮ ಮ್ಯಾನೇಜರ ಖಾಕಿ ಕೋಟು ನೆನಪಾಗುತ್ತದೆ, ಅವರು ಆ ಕೋಟು ತೊಟ್ಟು ಬೆಂಚಿನ ಮೇಲೆ ಕೂತಿದ್ದ ಕೊನೆಯ ಮಳೆಗಾಲ ನೆನಪಾಗುತ್ತದೆ. ಹಿರಿಯರು ಹೊಳೆನರಸೀಪುರದವರೆಗೂ ತೂಕಡಿಸಿದರು. ನಾನು ಅಷ್ಟು ದೂರವೂ ಆ ಮಳೆಗಾಲದಲ್ಲೇ ಇದ್ದೆ.

ನಾನು ಒಂದು ದಿನವೂ ನೆಟ್ಟಗೆ ಚೆಂಡು ಒದ್ದವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಅರಳಿಮರದ ಟೀಮಿನ ಬಗ್ಗೆ ಮಾತಾಡಲು ಆಡಿದವರಿಗಿಂತ ನನಗೇ ಹೆಚ್ಚು ಹಕ್ಕು ಎಂದು ಈಗಲೂ ವಾದ ಮಾಡುತ್ತೇನೆ. ಆಡುವವರು ಬಂದರು, ಆಡಿದರು, ಮದುವೆಯಾಗಿ ಹೊಟ್ಟೆ ಬೆಳೆಸಿಕೊಂಡು ಹೋದರು. ಕಟ್ಟೆಯ ಮೇಲೆ ಕೂತ ನಾವು ಎಲ್ಲಿಗೂ ಹೋಗಲಿಲ್ಲ. ಹೊಳೆನರಸೀಪುರದಲ್ಲಿ ಹೊಳೆಯ ಕಡೆಯ ಮೈದಾನದ ಅಂಚಿಗೆ ಒಂದು ಅರಳಿಮರ, ಅದಕ್ಕೊಂದು ಕಟ್ಟೆ, ಕಟ್ಟೆಯ ಮೇಲೆ ನಾವು. ಟೀಮಿಗೆ ಆ ಹೆಸರು ಬಂದದ್ದೇ ಆ ಮರದಿಂದ. ನಮ್ಮ ಕ್ಲಬ್ಬಿಗೆ ಆಫೀಸು, ಬೀರು, ಕುರ್ಚಿ ಯಾವುದೂ ಇರಲಿಲ್ಲ. ಯಾರನ್ನು ಆಡಿಸಬೇಕು, ಯಾರು ಮ್ಯಾನೇಜರಾಗಬೇಕು, ಎಲ್ಲವೂ ಕಟ್ಟೆಯ ಮೇಲೆ ತೀರ್ಮಾನ ಆಗುತ್ತಿತ್ತು.

ಪಂದ್ಯ ಇಲ್ಲದ ಸಂಜೆಗಳಲ್ಲಿ ಕಟ್ಟೆಗೆ ಇದ್ದದ್ದು ಒಂದೇ ಕೆಲಸ, ಹಳಬರನ್ನು ನೆನೆಯುವುದು. ದಿನಸಿ ಅಂಗಡಿಯ ಬಸಣ್ಣ ನಮ್ಮಲ್ಲಿ ಹಿರಿಯ. ಮೊದಲ ಮ್ಯಾನೇಜರಿಂದ ಶುರು ಮಾಡುವವನು ಅವನೇ. ಆ ಮೊದಲ ಮ್ಯಾನೇಜರು ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು ನಡೆಸುತ್ತಿದ್ದರು. ಗೋಲು ಹೊಡೆದವನಿಗೆ ಮಸಾಲೆದೋಸೆ ಎಂದು ಒಂದು ಸಲ ಬಾಯಿತಪ್ಪಿ ಹೇಳಿದ್ದಕ್ಕೆ ಆ ವರ್ಷವೆಲ್ಲ ಯಾರೂ ಯಾರಿಗೂ ಚೆಂಡು ಕೊಡಲಿಲ್ಲವಂತೆ, ಬ್ಯಾಕು ಕೂಡ ತನ್ನ ಗೋಲಿನ ಮುಂದಿನಿಂದಲೇ ಎದುರಿನ ಗೋಲಿಗೆ ಒದೆಯುತ್ತಿದ್ದನಂತೆ. ಎರಡನೆಯವರು ಡ್ರಿಲ್ ಮೇಷ್ಟ್ರು. ಪಂದ್ಯದ ದಿನ ಬೆಳಿಗ್ಗೆ ಹುಡುಗರನ್ನು ಸೇತುವೆ ದಾಟಿಸಿ ಓಡಿಸಿ, ಆಟ ಶುರುವಾಗುವ ಹೊತ್ತಿಗೆ ಸುಸ್ತು ಮಾಡಿಸಿಬಿಡುತ್ತಿದ್ದರು. ಮೂರನೆಯವರೇ ಪುಟ್ಟಸ್ವಾಮಯ್ಯ. ಅವರು ಬಂದ ಮೇಲೆ ನಾಲ್ಕನೆಯವರ ಮಾತು ಏಳಲಿಲ್ಲ. ಊರಿನಲ್ಲಿ ಅವರ ಹೆಸರು ಮರೆತೇಹೋಗಿ, ಮದುವೆ ಕರೆಯುವವರೂ ಅವರನ್ನು ಮ್ಯಾನೇಜರೇ ಎಂದು ಕರೆಯುತ್ತಿದ್ದರು.

ಅವರು ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಲ್ಲಿ ಎಲೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹದ ನೋಡುತ್ತಿದ್ದರಂತೆ. ಇಲ್ಲಿ ಪಂದ್ಯಕ್ಕೆ ಮುಂಚೆ ಹುಡುಗರನ್ನು ಸಾಲಾಗಿ ಕೂರಿಸಿ ಮೀನಖಂಡ, ಮಂಡಿ ಒತ್ತಿ ನೋಡುತ್ತಿದ್ದರು. ಒತ್ತಿ ತಲೆ ಆಡಿಸಿದರೆ ಆಡಬೇಕು. ಒತ್ತಿ ಕೋಟಿಗೆ ಕೈ ಒರೆಸಿಕೊಂಡರೆ ಆವತ್ತು ಬೆಂಚು. ಕಾರಣ ಕೇಳುವಂತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಹರಾಜು ಕಟ್ಟೆಯಲ್ಲಿ ತೊಡುತ್ತಿದ್ದ ಖಾಕಿ ಕೋಟನ್ನೇ ಮೈದಾನಕ್ಕೂ ತೊಟ್ಟು ಬರುತ್ತಿದ್ದರು. ಎಷ್ಟು ಸಲ ಒಗೆದರೂ ಅದರ ವಾಸನೆ ಹೋಗಿರಲಿಲ್ಲ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇತ್ತು, ಈಗಲೂ ಇದೆ. ಅಡ್ಡಹೆಸರು ಆಟಗಾರನಿಗೆ ಸೇರಿದ್ದಲ್ಲ, ಅವನು ಆಡುವ ಜಾಗಕ್ಕೆ ಸೇರಿದ್ದು. ಗೋಲಿನಲ್ಲಿ ಯಾರೇ ನಿಲ್ಲಲಿ, ಅವನು ಗ್ವಾಡೆ, ಚೆಂಡು ತಡೆಯುವ ಗೋಡೆ. ನಡುವೆ ನಿಂತು ಎಲ್ಲರಿಗೂ ಕೈ ತೋರಿಸುವವನು ಪಟೇಲ. ಬಲಗಡೆಯ ಅಂಚಿನಲ್ಲಿ ಓಡುವವನು ಮಿಂಚುಳ್ಳಿ, ನಮ್ಮ ಹೊಳೆಯ ಮೇಲೆ ಹಾರುವ ಹಕ್ಕಿಯ ಹೆಸರು. ಒಬ್ಬ ಬಿಟ್ಟರೆ ಹೆಸರು ಇನ್ನೊಬ್ಬನಿಗೆ ಹೋಗುತ್ತದೆ. ಹೊಸಬನ ಮೊದಲ ಪಂದ್ಯದ ದಿನ ಕಟ್ಟೆಯ ಮೇಲೆ ಕೂರಿಸಿ, ಬನ್ನು ಟೀ ಕೊಟ್ಟು, ಹೆಸರು ಕೂಗುತ್ತೇವೆ. ಅವನ ಸ್ವಂತ ಹೆಸರು ಆಮೇಲೆ ಅವನ ತಾಯಿಗೆ ಬಿಟ್ಟರೆ ಯಾರಿಗೂ ಬೇಕಾಗುವುದಿಲ್ಲ.

ನಾವು ಕಂಡ ಮಿಂಚುಳ್ಳಿಗಳಲ್ಲೆಲ್ಲ ದೊಡ್ಡವನು ಶಂಕರ. ಈಗ ಕೋಳಿ ಆಹಾರದ ಏಜೆನ್ಸಿ ನಡೆಸುತ್ತಾನೆ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾನೆ. ಆ ಕಾಲದಲ್ಲಿ ಅವನಿಗೆ ಚೆಂಡು ಸಿಕ್ಕಿತೆಂದರೆ ಕಟ್ಟೆಯೆಲ್ಲ ಎದ್ದು ನಿಲ್ಲುತ್ತಿತ್ತು. ಹಾಸನದವರ ಮೇಲೆ ಫೈನಲ್ಲು ನಡೆದ ದಿನ ಮ್ಯಾನೇಜರು ಅವನ ಎಡಮಂಡಿ ಒತ್ತಿದರು, ಕೋಟಿಗೆ ಕೈ ಒರೆಸಿಕೊಂಡರು. ಪಂದ್ಯ ಮುಗಿಯುವವರೆಗೂ ಅವನು ಬೆಂಚಿನ ಮೇಲೇ ಇದ್ದ. ನಾವು ಒಂದು ಗೋಲಿನಿಂದ ಸೋತೆವು. ಶಂಕರ ಅಂದೇ ಬೂಟು ಬಿಚ್ಚಿದವನು ಮತ್ತೆ ಹಾಕಲಿಲ್ಲ. ಇಪ್ಪತ್ತು ವರ್ಷದ ಮೇಲಾಯಿತು. ಕಟ್ಟೆಯ ಮೇಲೆ ಯಾವ ಮಾತು ಎಲ್ಲಿಂದ ಶುರುವಾದರೂ ಅವನು ಅದನ್ನು ತಂದು ಅಲ್ಲಿಗೇ ಕಟ್ಟುತ್ತಿದ್ದ. ನನ್ನ ಮಂಡಿ ಸರಿಯಾಗಿತ್ತು, ಆ ಮನುಷ್ಯನ ಕೈಯೇ ತಪ್ಪಿತು, ಒಂದು ಗಳಿಗೆ ಇಳಿಸಿದ್ದರೂ ಗೋಲು ಹೊಡೆಯುತ್ತಿದ್ದೆ ಎನ್ನುತ್ತಿದ್ದ. ಮ್ಯಾನೇಜರನ್ನು ಬದಲಾಯಿಸಿ ಎಂದು ಪ್ರತಿ ವರ್ಷ ಕೇಳುವವನು ಅವನೊಬ್ಬನೇ, ಪ್ರತಿ ವರ್ಷ ನಕ್ಕು ಸುಮ್ಮನಾಗುವವರು ನಾವೆಲ್ಲ. ಮ್ಯಾನೇಜರ ಜೊತೆ ಅವನಿಗೆ ಮಾತಿರಲಿಲ್ಲ.

ಆ ಮಳೆಗಾಲ ಬಂದದ್ದು ಕೊರೊನಾ ಕಳೆದ ಮೇಲೆ. ಎರಡು ವರ್ಷ ಮೈದಾನದಲ್ಲಿ ಹುಲ್ಲು ಮಂಡಿಯುದ್ದ ಬೆಳೆದು ಎಮ್ಮೆಗಳು ಮೇಯ್ದಿದ್ದವು. ಕಟ್ಟೆಯ ಮೇಲೆ ಮೊದಲು ಕೂರುತ್ತಿದ್ದ ಕೆಲವರು ಈಗ ಇರಲಿಲ್ಲ. ಅವರ ಜಾಗ ಖಾಲಿ ಬಿಟ್ಟೇ ಕೂರುತ್ತಿದ್ದೆವು, ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಮಳೆಗಾಲದ ಪಂದ್ಯಾವಳಿ ಮತ್ತೆ ನಡೆಯುತ್ತದೆ ಎಂದು ಗೊತ್ತಾದಾಗ ಬಸಣ್ಣ ಕೂಲಿಯವರನ್ನು ಕರೆಸಿ ಹುಲ್ಲು ಕೊಯ್ಯಿಸಿದ. ಗೊರೂರಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಹೊಳೆ ತುಂಬಿ ಸಂಜೆಯ ಗಾಳಿ ತಣ್ಣಗಿತ್ತು. ಮ್ಯಾನೇಜರು ಖಾಕಿ ಕೋಟು ತೊಟ್ಟು ಬಂದು ಬೆಂಚಿನ ಮೇಲೆ ಕೂತರು. ಸ್ವಲ್ಪ ಇಳಿದುಹೋಗಿದ್ದರು, ಅಷ್ಟೇ ಎಂದುಕೊಂಡೆವು.

ಟೀಮು ಪೂರ್ತಿ ಹೊಸದು. ಮಿಂಚುಳ್ಳಿಯ ಹೆಸರು ದಂಡಿಗನಹಳ್ಳಿಯ ದರ್ಶನ್‌ಗೆ ಹೋಗಿತ್ತು. ಐ.ಟಿ.ಐ. ಮುಗಿಸಿ ಹೊಳೆನರಸೀಪುರದ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಮ್ಯಾನೇಜರು ಮೊದಲ ದಿನವೇ ಎಲ್ಲರನ್ನೂ ಹೆಸರು ಹಿಡಿದು ಕರೆದರು. ನಿಮ್ಮವ್ವನ ಮುರಿದ ಕಾಲು ಕೂಡಿತಾ ಎಂದು ಹೊಸ ಗ್ವಾಡೆಯನ್ನು ಕೇಳಿದರು. ಅವನ ತಾಯಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು. ಕಾಲು ಮುರಿದುಕೊಂಡಿದ್ದವರು ಬಹಳ ಹಿಂದಿನ ಗ್ವಾಡೆಯ ತಾಯಿ. ಹುಡುಗ ತಬ್ಬಿಬ್ಬಾಗಿ ಹೂಂ ಸಾ ಎಂದ. ನಾವು ಕಟ್ಟೆಯ ಮೇಲೆ ಬಿದ್ದು ಬಿದ್ದು ನಕ್ಕೆವು, ಮ್ಯಾನೇಜರು ಹಳೇ ಕಥೆ ಎಳೆದು ತಮಾಷೆ ಮಾಡುತ್ತಿದ್ದಾರೆ ಎಂದು. ಸದಾ ಹಳಬರನ್ನೇ ನೆನೆದುಕೊಂಡು ಕೂರುವ ನಮಗೆ ಅದು ಸಹಜವಾಗಿ ಕಂಡಿತು. ಬೇರೆ ಯಾವ ಊರಿನ ಟೀಮಾಗಿದ್ದರೂ ಹೆಸರು ತಪ್ಪಿದ ಕೂಡಲೇ ಗೊತ್ತಾಗಿಬಿಡುತ್ತಿತ್ತು. ಹೆಸರು ಜಾಗಕ್ಕೆ ಸೇರಿದ ನಮ್ಮಲ್ಲಿ ಅದು ತಪ್ಪುವುದೇ ಸಾಧ್ಯವಿರಲಿಲ್ಲ.

ಅರಕಲಗೂಡಿನಲ್ಲಿ ಪಂದ್ಯ. ಎರಡು ವ್ಯಾನಿನಲ್ಲಿ ಹೋಗಿದ್ದೆವು. ಮೋಡ ಕವಿದಿತ್ತು, ದೂರದಲ್ಲಿ ಹೊಗೆಸೊಪ್ಪು ಬೇಯಿಸುವ ಮನೆಗಳಿಂದ ಹೊಗೆ ಏಳುತ್ತಿತ್ತು. ಅರ್ಧ ಆಟ ಮುಗಿದಾಗ ಮ್ಯಾನೇಜರು ದರ್ಶನ್‌ನನ್ನು ಕರೆದು ಕೂರಿಸಿ, ಅವನ ಎಡಮಂಡಿಗೆ ನೀಲಗಿರಿ ಎಣ್ಣೆ ಹಚ್ಚಿ ತಿಕ್ಕತೊಡಗಿದರು. ಹುಡುಗ ಏನೂ ಆಗಿಲ್ಲ ಸಾ ಎಂದರೂ ಬಿಡಲಿಲ್ಲ. ಊತ ಇಳಿಯುವವರೆಗೂ ಆಡಬೇಡ, ಕಾಲೇ ಹೋದರೆ ಜೀವನ ಏನು ಮಾಡುತ್ತೀಯ ಎಂದು ಮೆಲ್ಲಗೆ ಹೇಳುತ್ತಲೇ ಇದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಶಂಕರ ನಗಲಿಲ್ಲ. ಅವನ ಕೈ ತಾನಾಗಿ ಹೋಗಿ ತನ್ನದೇ ಎಡಮಂಡಿಯನ್ನು ಹಿಡಿದುಕೊಂಡಿತ್ತು. ವಾಪಸ್ಸು ಬರುವಾಗ ವ್ಯಾನಿನಲ್ಲಿ ಅವನು ಹಳೇ ಫೈನಲ್ಲಿನ ಮಾತು ಎತ್ತಲೇ ಇಲ್ಲ. ಆ ಮಾತಿಲ್ಲದೆ ಮುಗಿದ ದಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮುಂದಿನ ವಾರ ಮ್ಯಾನೇಜರ ಹೆಂಡತಿ ಜಯಮ್ಮ ಗಂಡನನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ನನ್ನದು ಕನ್ನಡಕದ ಅಂಗಡಿ. ಈಗ ಚನ್ನರಾಯಪಟ್ಟಣದಲ್ಲಿದೆ, ಆಗ ಹೊಳೆನರಸೀಪುರದ ಪೇಟೆ ಬೀದಿಯಲ್ಲಿತ್ತು. ಇವರಿಗೆ ಮನುಷ್ಯರ ಗುರುತು ಸಿಗುತ್ತಿಲ್ಲ, ಕನ್ನಡಕದ ನಂಬರು ಬದಲಾಗಿರಬೇಕು ಎಂದರು ಜಯಮ್ಮ. ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದೆ. ಕೆಳಗಿನ ಸಾಲಿನ ಸಣ್ಣ ಅಕ್ಷರದವರೆಗೂ ತಡವರಿಸದೆ ಓದಿದರು. ಕಣ್ಣು ಚೆನ್ನಾಗಿದೆ ಎಂದು ನಾನು ಹೇಳುತ್ತಿರುವಾಗಲೇ ಅವರು ಅಂಗಡಿಯ ಒಳಗೆಲ್ಲ ಇಣುಕಿ ನೋಡಿ ಕೇಳಿದರು:

"ಏನಪ್ಪ, ನಿಮ್ಮಪ್ಪಾರು ಕಾಣ್ತಾ ಇಲ್ಲ?"

ನಮ್ಮಪ್ಪ ಹೋಗಿ ಬಹಳ ವರ್ಷವಾಗಿತ್ತು. ಹೆಗಲು ಕೊಟ್ಟವರಲ್ಲಿ ಮ್ಯಾನೇಜರೂ ಒಬ್ಬರು. ಊಟಕ್ಕೆ ಹೋಗಿದ್ದಾರೆ ಎಂದೆ, ಬಾಯಿಗೆ ಬಂದದ್ದು ಅದೇ. ಅರಕಲಗೂಡಿನ ನಗು, ಗ್ವಾಡೆಯ ತಾಯಿಯ ಕಾಲು, ಎಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಾಯಿತು. ಮ್ಯಾನೇಜರು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತರು. ಜಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಕಣ್ಣಿನದೇ ತೊಂದರೆ ಇರಲಿ ಎಂದು ಬೇಡಿಕೊಂಡು ಬಂದಿದ್ದರು ಎನ್ನುವುದು ಆಗ ನನಗೆ ಗೊತ್ತಾಯಿತು. ಇದು ಮರೆವಿನ ಕಾಯಿಲೆ ಎಂದು ಹಾಸನದ ದೊಡ್ಡ ಡಾಕ್ಟರು ಆಗಲೇ ಅವರಿಗೆ ಹೇಳಿದ್ದರು.

"ಮನೇಲಿ ಉಂಡ್ರಾ ಇಲ್ವಾ ಅನ್ನೋದೂ ಗ್ಯಾಪ್ಕ ಇರಲ್ಲ ಕಣಪ್ಪ," ಎಂದರು ಜಯಮ್ಮ. "ನನ್ನೇ ಒಂದೊಂದ್ ದಪ ಯಾರಮ್ಮ ನೀನು ಅಂತಾರೆ. ಗ್ರೌಂಡಿಗೆ ಓದ್ರೆ ಎಲ್ಲಾರ್ನೂ ಎಸ್ರಿಡಿದು ಕರೀತಾರೆ, ಬಂದ್ ಮ್ಯಾಕೆ ಒಟ್ಟೆ ತುಂಬ ಉಣ್ತಾರೆ. ಈ ಮಳೆಗಾಲ ಒಂದು ಕಳೀಲಿ. ಆ ಬೆಂಚಿಂದ ಮಾತ್ರ ಎಬ್ಬಿಸ್ಬ್ಯಾಡಿ."

ಎಬ್ಬಿಸುವುದು ಬಿಡುವುದು ಕಟ್ಟೆಯ ಕೈಯಲ್ಲಿತ್ತು. ಅಂದು ಸಂಜೆ ಹುಡುಗರು ಹೋದ ಮೇಲೆ ವಿಷಯ ಹೇಳಿದೆ. ಆಮೇಲೆ ಬಸಣ್ಣ ನಿಧಾನವಾಗಿ, ಹುಡುಗರು ದಿನಾ ಬೆವರು ಸುರಿಸುತ್ತಿದ್ದಾರೆ, ಅವರ ಆಟ ಹಾಳಾಗಬಾರದು, ಮರ್ಯಾದೆಯಾಗಿ ಹಾರ ಹಾಕಿ ಕಳಿಸಿಕೊಡೋಣ ಎಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಎಲ್ಲರೂ ಶಂಕರನ ಕಡೆ ನೋಡಿದೆವು. ಇಷ್ಟು ವರ್ಷ ಒಬ್ಬನೇ ಕೇಳುತ್ತಿದ್ದದ್ದು ಈಗ ಅವನಿಗೆ ಕೇಳದೆಯೇ ಸಿಗುವುದರಲ್ಲಿತ್ತು. ಅವನು ಕಟ್ಟೆಯಿಂದ ಇಳಿದು ಚಪ್ಪಲಿ ಹುಡುಕುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದ.

"ಬುಡಿ ಬಸಣ್ಣ. ನಾಳೆಯಿಂದ ನಾನು ಅವ್ರ ಪಕ್ಕ ಬೆಂಚಲ್ ಕೂತ್ಕತೀನಿ. ಅವರು ಹಳೇ ಮಾತು ಆಡುದ್ರೆ ಹಳಬ ನಾನಿದ್ದೀನಲ್ಲ, ಉತ್ರ ಕೊಡ್ತೀನಿ."

ಹಾಗೆಯೇ ನಡೆಯಿತು. ಮಾತು ಬಿಟ್ಟಿದ್ದವನು ದಿನಾ ಸಂಜೆ ಹೋಗಿ ಅವರ ಪಕ್ಕ ಕೂರುತ್ತಿದ್ದ. ಮ್ಯಾನೇಜರಿಗೆ ಅದು ವಿಶೇಷ ಅನ್ನಿಸಲಿಲ್ಲ, ಅವರ ಲೆಕ್ಕದಲ್ಲಿ ಮಿಂಚುಳ್ಳಿ ಯಾವತ್ತೂ ದೂರ ಹೋಗಿರಲೇ ಇಲ್ಲ. ಅವರ ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ಹುಡುಗರ ಕಾಲು ಒತ್ತಿ ಹೇಳಿದ್ದು ಮೊದಲಿನ ಹಾಗೇ ಸರಿಯಾಗಿರುತ್ತಿತ್ತು. ಮಾತು ಎಲ್ಲೋ ಹೋದಾಗ ಶಂಕರ ಅದನ್ನು ಹಿಡಿದು ತಿರುಗಿಸುತ್ತಿದ್ದ. ಯಾವತ್ತೋ ಆಟ ಬಿಟ್ಟುಹೋಗಿದ್ದ ಎದುರು ಟೀಮಿನ ಎಡಗಾಲಿನವನೊಬ್ಬನನ್ನು ಹಿಡಿ ಎಂದು ಮ್ಯಾನೇಜರು ಕೂಗಿದರೆ, ಶಂಕರ ಎದ್ದು ನಿಂತು ಪಟೇಲನಿಗೆ, ಮ್ಯಾನೇಜರು ಹೇಳಿದ್ದು ಕೇಳಿಸಿತೇನೋ, ಆ ಒಂಬತ್ತನೇ ನಂಬರಿನವನನ್ನು ಹಿಡಿ ಎನ್ನುತ್ತಿದ್ದ. ಹುಡುಗರಿಗೆ ಎಷ್ಟು ಗೊತ್ತಿತ್ತೋ ನಾವು ಕೇಳಲಿಲ್ಲ. ಗ್ವಾಡೆ ಮಾತ್ರ ಒಂದು ಸಂಜೆ ತಾನಾಗಿ ಹೋಗಿ, ಅವ್ವನ ಕಾಲು ಕೂಡಿತು ಸಾ, ಈಗ ನಡೆಯುತ್ತಾಳೆ ಎಂದು ಹೇಳಿ ಬಂದ. ಮ್ಯಾನೇಜರು ಬಹಳ ಸಂತೋಷಪಟ್ಟರು.

ಆ ಮಳೆಗಾಲದಲ್ಲಿ ನಾವು ಚೆನ್ನಾಗಿಯೇ ಆಡಿದೆವು. ಚನ್ನರಾಯಪಟ್ಟಣದವರನ್ನು ಅವರ ಮೈದಾನದಲ್ಲೇ ಸೋಲಿಸಿದೆವು. ಬರುವ ದಾರಿಯಲ್ಲಿ ಮ್ಯಾನೇಜರು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, ಗೋಲು ಹೊಡೆದವರಿಗೆ ಹೋಟೆಲಿನವರು ದೋಸೆ ಕೊಡುತ್ತಾರೆ ನಿಲ್ಲಿಸಿ ಎಂದರು. ಬಸಣ್ಣ ವ್ಯಾನು ನಿಲ್ಲಿಸಿ ಎಲ್ಲರಿಗೂ ದೋಸೆ ಕೊಡಿಸಿದ. ಆಟಗಾರರಲ್ಲದ ನಾವೂ ತಿಂದೆವು, ಆ ವಿಷಯದಲ್ಲಿ ಕಟ್ಟೆ ಎಂದೂ ಹಿಂದೆ ಬಿದ್ದದ್ದಿಲ್ಲ.

ಫೈನಲ್ಲು ನಮ್ಮ ಮೈದಾನದಲ್ಲೇ, ಮತ್ತೆ ಹಾಸನದವರ ಮೇಲೆ. ಬೆಳಿಗ್ಗೆಯಿಂದ ಜಿನುಗು ಮಳೆ. ಕಟ್ಟೆಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ. ಕುಡಿಯುವ ನೀರಿನ ಕ್ಯಾನು ಇಟ್ಟುಕೊಂಡು ನಾನು ಬೆಂಚಿನ ಹಿಂದೆ ನಿಂತಿದ್ದೆ. ಹಾಸನದವರು ಬೇಗನೇ ಒಂದು ಗೋಲು ಹೊಡೆದರು. ರೆಫರಿಯನ್ನು ನನ್ನ ಅಂಗಡಿಗೆ ಕಳಿಸಿ ಎಂದು ಕಟ್ಟೆ ಕೂಗಿತು, ಆದರೆ ಗೋಲು ಸರಿಯಾಗಿಯೇ ಇತ್ತು. ಆಮೇಲೆ ನಮ್ಮ ಹುಡುಗರು ಎಷ್ಟು ಗುದ್ದಾಡಿದರೂ ಚೆಂಡು ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ದರ್ಶನ್ ಒಂದು ಸಲ ಕಂಬಕ್ಕೆ ಹೊಡೆದ. ಹೊತ್ತು ಓಡುತ್ತಿತ್ತು.

ಪಂದ್ಯ ಇನ್ನೇನು ಮುಗಿಯಬೇಕು ಎನ್ನುವಾಗ ಮ್ಯಾನೇಜರು ಮೈದಾನದಿಂದ ಕಣ್ಣು ತೆಗೆದು ಪಕ್ಕಕ್ಕೆ ತಿರುಗಿದರು. ಅವರ ಮುಖದಲ್ಲಿ ಗೊಂದಲ ಇರಲಿಲ್ಲ. ಒಂದು ಗೋಲು ಹಿಂದೆ, ಎದುರಿಗೆ ಹಾಸನದವರು, ಬೆಂಚಿನ ಮೇಲೆ ಮಿಂಚುಳ್ಳಿ. ಆ ಹಳೇ ಫೈನಲ್ಲಿನ ದಿನದಲ್ಲಿದ್ದದ್ದೆಲ್ಲ ಅವರ ಕಣ್ಣ ಮುಂದಿತ್ತು.

"ಮಂಡಿ ಎಂಗೈತ್ಲಾ?" ಎಂದರು.

ಶಂಕರ ಎಡಗಾಲನ್ನು ಮುಂದಕ್ಕೆ ಚಾಚಿದ. "ವಾಸಿ ಆಗೈತೆ ಸಾ," ಎಂದ.

ಮ್ಯಾನೇಜರು ಬಗ್ಗಿ ಅವನ ಪ್ಯಾಂಟು ಮಡಿಸಿ ಎಡಮಂಡಿಯ ಮೇಲೆ ಹೆಬ್ಬೆರಳಿಟ್ಟರು. ಒತ್ತಿದರು. ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ಒತ್ತಿದರು. ಅವರು ಕೋಟಿಗೆ ಕೈ ಒರೆಸಿಕೊಂಡುಬಿಡುತ್ತಾರೆ ಎಂದು ನನಗೆ ಭಯವಾಯಿತು. ಐವತ್ತರ ಗಡಿಯ ಮಂಡಿ ಅದು, ಮಳೆ ಬಂದರೆ ನೋಯುವ ಮಂಡಿ. ಮ್ಯಾನೇಜರು ತಲೆ ಆಡಿಸಿದರು.

"ಊತ ಇಳ್ದೈತೆ. ಏಳು, ನಿನ್ನ ಇಳುಸ್ತೀನಿ."

ಶಂಕರ ಎದ್ದ. ಚಪ್ಪಲಿ ಬಿಟ್ಟು, ಇನ್ನೊಂದು ಕಾಲಿನ ಪ್ಯಾಂಟನ್ನೂ ಮಡಿಸಿ, ಗೆರೆಯ ಪಕ್ಕದ ಕೆಸರಿನಲ್ಲಿ ಓಡತೊಡಗಿದ. ಹೊಟ್ಟೆ ಕುಲುಕುತ್ತಿತ್ತು, ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಕಟ್ಟೆಯ ಆ ತುದಿಯವರೆಗೆ ಓಡಿ ತಿರುಗಿ ಮತ್ತೆ ಈ ಕಡೆ ಓಡಿದ, ಇಳಿಯುವ ಮುಂಚೆ ಮೈ ಬಿಸಿ ಮಾಡಿಕೊಳ್ಳುವ ಆಟಗಾರನ ಹಾಗೆ. ಲೈನ್ಸ್‌ಮನ್ ಇವನಾರು ಎಂಬಂತೆ ನೋಡಿ, ಏನನ್ನಿಸಿತೋ, ಸುಮ್ಮನೆ ದಾರಿ ಬಿಟ್ಟ. ಬೇರೆ ದಿನವಾಗಿದ್ದರೆ ಕಟ್ಟೆ ಅವನನ್ನು ಜೀವಸಹಿತ ಬಿಡುತ್ತಿರಲಿಲ್ಲ. ಆವತ್ತು ಹಳಬರು ಯಾರೂ ಮಿಸುಕಲಿಲ್ಲ, ಹಳಬರ ಮುಖ ನೋಡಿ ಹೊಸಬರೂ ಸುಮ್ಮನಾದರು. ಆಮೇಲೆ ಬಸಣ್ಣ ಎದ್ದು ನಿಂತು, ಬಹಳ ಹಿಂದೆ ಕೂಗುತ್ತಿದ್ದ ಹಾಗೆ, ಮಿಂಚುಳ್ಳೀ ಎಂದು ಉದ್ದಕ್ಕೆ ಕೂಗಿದ. ಕಟ್ಟೆಯೆಲ್ಲ ಎದ್ದು ನಿಂತಿತು. ಮೈದಾನದ ಬಲ ಅಂಚಿನಲ್ಲಿದ್ದ ದರ್ಶನ್ ತನ್ನನ್ನೇ ಕರೆದರೆಂದು ತಿರುಗಿ ನೋಡಿದ. ಗೆರೆಯಾಚೆ ಓಡುತ್ತಿದ್ದ ಶಂಕರನನ್ನು ಕಂಡ. ಅವನಿಗೆ ಅರ್ಥವಾಯಿತು ಎಂದು ಕಾಣುತ್ತದೆ, ಸೊಂಟದಿಂದ ಕೈ ತೆಗೆದು ಚಪ್ಪಾಳೆ ತಟ್ಟಿದ.

ರೆಫರಿ ಸೀಟಿ ಊದಿದ. ಮತ್ತೆ ಅದೇ ಒಂದು ಗೋಲಿನಿಂದ ಸೋತಿದ್ದೆವು. ಹಾಸನದವರು ಕುಣಿಯುತ್ತಿದ್ದರು, ನಮ್ಮ ಹುಡುಗರು ಕೆಸರಿನಲ್ಲೇ ಕೂತುಬಿಟ್ಟಿದ್ದರು. ಶಂಕರ ಏದುಸಿರು ಬಿಡುತ್ತಾ ಬಂದು ಬೆಂಚಿನ ಮೇಲೆ ಕುಸಿದ. ನಾನು ನೀರು ಕೊಟ್ಟೆ, ಕುಡಿಯಲಿಲ್ಲ, ಹಿಡಿದುಕೊಂಡ. ಮ್ಯಾನೇಜರು ಖಾಕಿ ಕೋಟು ಬಿಚ್ಚಿ ಅವನ ಒದ್ದೆ ಬೆನ್ನಿನ ಮೇಲೆ ಹೊದಿಸಿದರು. ಹೊಗೆಸೊಪ್ಪಿನ ವಾಸನೆ ನಾನು ನಿಂತಿದ್ದಲ್ಲಿಗೂ ಬಂತು.

"ಇನ್ನೊಂದ್ ಗಳಿಗೆ ಇದ್ದಿದ್ರೆ ನಿನ್ನ ಇಳುಸ್ಬುಡ್ತಿದ್ದೆ ಕಣ್ಲಾ," ಎಂದರು.

"ಗೊತ್ತು ಸಾ," ಎಂದ ಶಂಕರ.